ಹಗೇವಿನ ಹಗ್ಗ

ಹೋದ ಮಳೆಗಾಲದಲ್ಲಿ ನಮ್ಮ ಮನೆಗೆ ಹೊಸ ಮಂಚ ಬಂತು. ಹಾಸಿಗೆಯನ್ನು ಹಲಗೆ ಸಮೇತ ಮೇಲೆತ್ತಿದರೆ ಕೆಳಗೆ ಮಂಚದಷ್ಟೇ ಉದ್ದಗಲದ ಪೆಟ್ಟಿಗೆ. ಮನೆ ಚಿಕ್ಕದು, ಸಾಮಾನು ಜಾಸ್ತಿ ಎಂದು ಸೊಸೆ ಚನ್ನಗಿರಿಯ ಅಂಗಡಿಗಳನ್ನೆಲ್ಲ ಸುತ್ತಿ ಹುಡುಕಿ ತಂದದ್ದು. ರಗ್ಗು, ದಿಂಬು, ಹಳೆಯ ಸೀರೆ, ಬಳಸದ ಪಾತ್ರೆ ಎಲ್ಲವೂ ಅದರೊಳಗೆ ಹೋದವು. ಯಾರೋ ಪರಿಚಯದವರು ಕೊಟ್ಟಿದ್ದ ಅರ್ಧ ಚೀಲ ಜೋಳವೂ ಹೋಯಿತು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳು ಹಲಗೆ ಎತ್ತಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಒಳಗಿನಿಂದ ವಾಸನೆ ಎದ್ದು ಬಂತು. ಸ್ವಲ್ಪ ಹುಳಿ, ಸ್ವಲ್ಪ ಮುಗ್ಗಲು, ಮುಖಕ್ಕೆ ತಾಗುವಂಥ ಒಂದು ಬೆಚ್ಚಗಿನ ಉಸಿರು.

"ಜೋಳ ಮುಗ್ಗಿದೆ ಅತ್ತೆ. ಬಿಸಿಲಿಗೆ ಹರವಿದ್ರೆ ಸರಿಹೋಗುತ್ತೆ" ಎಂದು ಅವಳು ಸೊಂಟದವರೆಗೆ ಪೆಟ್ಟಿಗೆಯೊಳಕ್ಕೆ ಬಗ್ಗಿದಳು. ನಾನು ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಹಿಂದಿನಿಂದ ಅವಳ ನಡುವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದೆ. ಅವಳು ಬೆಚ್ಚಿ ತಿರುಗಿ, ನಗಹೊರಟವಳು ನನ್ನ ಮುಖ ನೋಡಿ ನಿಲ್ಲಿಸಿದಳು...

ಆ ಹಿಡಿತ ನನ್ನ ಕೈಗೆ ಹೊಸದಲ್ಲ. ನಲವತ್ತು ವರ್ಷಕ್ಕೂ ಹಿಂದೆ, ಜಗಳೂರು ಸೀಮೆಯ ಒಂದು ಹಳ್ಳಿಯಲ್ಲಿ, ಒಬ್ಬ ಹೆಂಗಸಿನ ನಡುವನ್ನು ನಾನು ಹೀಗೆಯೇ ಹಿಡಿದುಕೊಂಡಿದ್ದೆ. ಅವಳನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ಇಡೀ ಊರು ಹಾಗೆಯೇ ಕರೆಯುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಬಿ.ಎಸ್ಸಿ. ಮುಗಿಸಿ, ಟ್ರೈನಿಂಗ್ ಮಾಡಿಕೊಂಡ ನನಗೆ ಆ ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ದಾವಣಗೆರೆಗೆ ಹೋಗಿ, ಅಲ್ಲಿಂದ ಜಗಳೂರಿನ ಬಸ್ಸು ಹಿಡಿದು, ಇಳಿದ ಮೇಲೆ ಜಾಲಿ ಗಿಡಗಳ ನಡುವೆ ಒಂದು ಗಂಟೆ ನಡೆಯಬೇಕಿತ್ತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಪುಸ್ತಕದ ಒಂದು ಗಂಟಿನೊಂದಿಗೆ ನಾನು ಊರು ಸೇರಿದಾಗ ಬಾಡಿಗೆಗೆ ಮನೆ ಎಂಬುದೇ ಅಲ್ಲಿರಲಿಲ್ಲ. ಗಂಡನಿಲ್ಲದ ದೊಡ್ಡವ್ವ ತನ್ನ ಒಬ್ಬಳೇ ಮಗಳೊಂದಿಗೆ ಎರಡು ಅಂಕಣದ ಮಣ್ಣಿನ ಮನೆಯಲ್ಲಿದ್ದಳು. ಅದರಲ್ಲಿ ಒಂದು ಅಂಕಣ ನನಗೆ ಬಿಟ್ಟುಕೊಟ್ಟಳು. ಅಲ್ಲಿ ಅದುವರೆಗೆ ಜೋಳದ ಚೀಲಗಳಿದ್ದವು.

"ಇವನ್ನ ಎಲ್ಲಿಡ್ತೀರಿ?" ಎಂದು ನಾನು ಸಂಕೋಚದಿಂದ ಕೇಳಿದೆ.

"ಜಾಗ ಇಲ್ಲ ಅನ್ನೋದು ಸುಳ್ಳು ಟೀಚರಮ್ಮ. ನೋಡಾಕೆ ಬರಬೇಕು ಅಷ್ಟೆ" ಎಂದಳು ದೊಡ್ಡವ್ವ.

ಅವಳಿಗೆ ನಿಜವಾಗಿಯೂ ನೋಡಲು ಬರುತ್ತಿತ್ತು. ಆ ಮನೆಯಲ್ಲಿ ಖಾಲಿ ಗೋಡೆ ಎಂಬುದಿರಲಿಲ್ಲ, ಆದರೆ ಕಾಲಿಗೆ ಎಡವುವ ಸಾಮಾನು ಒಂದೂ ಇರಲಿಲ್ಲ. ಮಜ್ಜಿಗೆ ಗಡಿಗೆ ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ. ಬೀಜಗಳೆಲ್ಲ ಬೂದಿಯೊಂದಿಗೆ ಒಣಗಿದ ಸೋರೆ ಬುರುಡೆಗಳಲ್ಲಿ. ಬುರುಡೆಯ ಕತ್ತಿಗೆ ಕಟ್ಟಿದ ಬಟ್ಟೆಯ ಬಣ್ಣ ನೋಡಿದರೆ ಒಳಗಿರುವುದು ಅವರೆಯೋ ಹೀರೆಯೋ ತಿಳಿಯುತ್ತಿತ್ತು. ಕುಡುಗೋಲು ಸೂರಿನ ಸಂದಿಯಲ್ಲಿ, ಹಿಡಿ ಹೊರಗೆ. ಸೈಕಲ್ಲಿನ ಹಳೆಯ ಟೈರು ತೊಲೆಗೆ ತೂಗಿಬಿದ್ದಿತ್ತು; ಕೌದಿಗಳನ್ನು ಮಡಿಸಿ ಅದರೊಳಗೆ ತೂರಿಸಿದರೆ ಇಲಿ ಹತ್ತುತ್ತಿರಲಿಲ್ಲ. ಹಿತ್ತಲಲ್ಲಿ ಕುಳ್ಳುಗಳನ್ನು ಒಟ್ಟಿ, ಮಳೆ ಇಳಿಯದಂತೆ ಮೇಲೆ ಸಗಣಿ ಬಳಿದಿದ್ದಳು. ಅದರ ಹೊಟ್ಟೆಯಲ್ಲೇ ಒಂದು ಗೂಡು ಬಿಟ್ಟು ಕೋಳಿಗೆ ಕಾವು ಕೂರಿಸಿದ್ದಳು.

ನನ್ನ ಪುಸ್ತಕಗಳನ್ನು ಎಲ್ಲಿಡುವುದು ಎಂಬುದೊಂದೇ ಅವಳನ್ನು ಎರಡು ದಿನ ಕಾಡಿತು. ಗೋಡೆಯ ಗೂಡಿನಲ್ಲಿಟ್ಟರೆ ಗೆದ್ದಲು, ನೆಲದಲ್ಲಿಟ್ಟರೆ ಇಲಿ. ಮೂರನೆಯ ದಿನ ಶಾಲೆಯಿಂದ ಬಂದು ನೋಡುತ್ತೇನೆ, ನನ್ನ ಅಂಕಣದ ತೊಲೆಯಿಂದ ಒಂದು ಮರದ ತೊಟ್ಟಿಲು ತೂಗುತ್ತಿದೆ. ಅದರೊಳಗೆ ನನ್ನ ಭೌತಶಾಸ್ತ್ರ, ರಸಾಯನಶಾಸ್ತ್ರ ಎಲ್ಲ ಬೆನ್ನು ಮೇಲೆ ಮಾಡಿ ಸಾಲಾಗಿ ನಿಂತಿವೆ.

"ನಾನು ಮಲಗಿದ್ದ ತೊಟ್ಲು ಅದು" ಎಂದಳು ಮಗಳು, ಬಾಗಿಲಿಗೆ ಒರಗಿ. ಇಪ್ಪತ್ತರ ಹತ್ತಿರದ ಹುಡುಗಿ. ನನಗಿಂತ ಮೂರು ನಾಲ್ಕು ವರ್ಷ ಚಿಕ್ಕವಳು. "ನಿಮ್ಮ ಪುಸ್ತಕ ಅತ್ರೆ ತೂಗ್ರಿ ಮತ್ತೆ."

"ನೀನು ಅತ್ತಂಗೆ ಅಳಾಕಿಲ್ಲ ಬಿಡು ಅವು" ಎಂದಳು ದೊಡ್ಡವ್ವ ಒಳಗಿನಿಂದ.

ನಾನು ನಕ್ಕೆ. ಆದರೆ ನಿಜ ಹೇಳಬೇಕೆಂದರೆ, ಆ ಮನೆಯಲ್ಲಿ ನನಗೆ ಮೊದಲಿನಿಂದಲೂ ಉಸಿರು ಕಟ್ಟುತ್ತಿತ್ತು. ನನ್ನ ಚಪ್ಪಲಿ ಎರಡು ಬೆರಳು ಆಚೆ ಬಿಟ್ಟಿದ್ದರೂ ಅದು ತನ್ನ ಜಾಗಕ್ಕೆ ಹೋಗಿರುತ್ತಿತ್ತು. ಕಿಟಕಿ ಎಂಬುದು ಗೋಡೆಯಲ್ಲಿ ಕೈ ತೂರುವಷ್ಟು ಒಂದು ಕಿಂಡಿ. ಅದರ ಮುಂದೆಯೂ ಒಂದು ಗಿಂಡಿ ಕೂತಿರುತ್ತಿತ್ತು. ಮಲಗಿದರೆ ಮೇಲೆ ತೊಟ್ಟಿಲು, ತಲೆಯ ಹತ್ತಿರ ಟ್ರಂಕು, ಕಾಲಿನ ಹತ್ತಿರ ಕಾಳು ತುಂಬುವ ಆಳೆತ್ತರದ ಮಣ್ಣಿನ ವಾಡೆ. ನನ್ನನ್ನೂ ಒಂದು ಸಾಮಾನಿನ ಹಾಗೆ ಸರಿಯಾದ ಜಾಗ ನೋಡಿ ಇಟ್ಟಿದ್ದಾರೆ, ಇನ್ನು ಇಲ್ಲಿಂದ ಯಾರೂ ತೆಗೆಯುವುದಿಲ್ಲ ಎನಿಸುತ್ತಿತ್ತು. ಅಲ್ಲಿದ್ದ ಸುಮಾರು ಮೂರು ವರ್ಷವೂ ವರ್ಗಾವಣೆಗೆ ಅರ್ಜಿ ಹಾಕುತ್ತಲೇ ಇದ್ದೆ.

ಜೋಳದ ಚೀಲಗಳು ಎಲ್ಲಿ ಹೋದವು ಎಂಬುದು ತಡವಾಗಿ ತಿಳಿಯಿತು. ಹಿತ್ತಲಿನಲ್ಲಿ ಬೇವಿನ ಮರದ ಪಕ್ಕ ಅವಳ ಮಾವನ ಕಾಲದ ಹಗೇವು ಇತ್ತು. ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಒಳಗೆ ಹೋದಂತೆ ಗಡಿಗೆಯ ಹಾಗೆ ಅಗಲ, ಎರಡು ಆಳೆತ್ತರಕ್ಕೂ ಮೀರಿದ ಆಳ. ತಳಕ್ಕೂ ಸುತ್ತಲೂ ಹುಲ್ಲು ಹೊದಿಸಿ ಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಹಾಕಿ, ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಊರವರು ಹಗೇವು ತೆಗೆದರೆ ಒಂದೇ ಸಲ ಪೂರ್ತಿ ಖಾಲಿ ಮಾಡುತ್ತಿದ್ದರು. ದೊಡ್ಡವ್ವನೂ ಮೊದಲು ಹಾಗೆಯೇ ಮಾಡಿ, ತೆಗೆದದ್ದನ್ನು ನನ್ನ ಅಂಕಣದಲ್ಲಿ ಚೀಲ ಕಟ್ಟಿ ಇಡುತ್ತಿದ್ದಳಂತೆ. ಈಗ ಆ ಅಂಕಣದಲ್ಲಿ ನಾನಿದ್ದೆ. ಹಾಗಾಗಿ ಬೇಕಾದಷ್ಟು ತೆಗೆದು, ಉಳಿದದ್ದನ್ನು ಅಲ್ಲೇ ಬಿಟ್ಟು, ಮತ್ತೆ ಮುಚ್ಚುವ ಹೊಸ ಪದ್ಧತಿ ಮಾಡಿಕೊಂಡಿದ್ದಳು.

ಹಗೇವಿನಲ್ಲಿ ಕೂಡಿಟ್ಟ ಗಾಳಿ ಕೆಟ್ಟದ್ದು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಚಪ್ಪಡಿ ಸರಿಸಿ ಒಂದು ದಿನ ಬಾಯಿ ತೆರೆದೇ ಬಿಡುತ್ತಿದ್ದರು. ಮರುದಿನ ಹೊತ್ತಿಸಿದ ಲಾಟೀನನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಜೋಳ ಮುಟ್ಟುವವರೆಗೂ ಉರಿಯುತ್ತಿದ್ದರೆ ಮಾತ್ರ ಇಳಿಯುತ್ತಿದ್ದರು. ಮೊದಲ ಸಲ ಅದನ್ನು ನೋಡಿದಾಗ ನಾನು ಹಿಗ್ಗಿಹೋದೆ. ಗಾಜಿನ ಜಾಡಿಯಲ್ಲಿ ಮೇಣದಬತ್ತಿ ಆರಿಸಿ ತೋರಿಸಿ, ಇಂಗಾಲದ ಡೈ ಆಕ್ಸೈಡು ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ ಎಂದು ನಾನು ಪಾಠ ಮಾಡುತ್ತಿದ್ದೆ. ನನ್ನ ಪಾಠ ನನ್ನ ಹಿತ್ತಲಿನಲ್ಲೇ ಇತ್ತು!

ಎರಡನೆಯ ವರ್ಷದ ಮಳೆಗಾಲದ ಕೊನೆಗೆ ಹಗೇವು ತೆಗೆದಾಗ ಒಂದು ಅನಾಹುತವಾಯಿತು. ಆಗ ಅದನ್ನು ಅನಾಹುತ ಎಂದುಕೊಂಡೆವು ಅಷ್ಟೆ. ಜೋಳದ ಮೇಲೆ ಇಳಿದ ಲಾಟೀನು ವಾಲಿ, ಸೀಮೆಎಣ್ಣೆ ಚೆಲ್ಲಿ, ಮೂರು ನಾಲ್ಕು ಪುಟ್ಟಿ ಜೋಳ ನಾರತೊಡಗಿತು. ದೊಡ್ಡವ್ವನಿಗೆ ಹೊಟ್ಟೆ ಉರಿದುಹೋಯಿತು. ಕಾಳು ಹಾಳಾದದ್ದಕ್ಕಿಂತ, ತನ್ನ ಅಚ್ಚುಕಟ್ಟಿನಲ್ಲಿ ಹೀಗಾಯಿತಲ್ಲ ಎಂದು. ರೊಟ್ಟಿ ತಿನ್ನುವಾಗಲೆಲ್ಲ ಮಗಳು, "ಯವ್ವಾ, ರೊಟ್ಟಿಗೆ ಕಡ್ಡಿ ಗೀರ್ಲಾ?" ಎಂದು ಕೆಣಕುತ್ತಿದ್ದಳು.

ಎಣ್ಣೆ ಚೆಲ್ಲಿದ ಆ ದಿನ ಹಗೇವಿನ ಬಾಯಿಯ ಬಳಿ ನಾವು ಮೂವರೇ ಇದ್ದೆವು. ದೊಡ್ಡವ್ವ, ಮಗಳು ಮತ್ತು ನಾನು. ನಾನು ಹೇಳಿದೆ:

"ಹಗ್ಗಕ್ಕೆ ಒಂದು ಗಂಟು ಹಾಕಿಬಿಡಿ ದೊಡ್ಡವ್ವ. ಜೋಳಕ್ಕಿಂತ ಒಂದು ಗೇಣು ಮೇಲೆ ಲಾಟೀನು ನಿಲ್ಲೋ ಹಾಗೆ. ಆಗ ತಾಗೋದೇ ಇಲ್ಲ."

ದೊಡ್ಡವ್ವ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಅವಳ ಸೀಮೆಯಲ್ಲಿ, ಅವಳ ವಿದ್ಯೆಯಲ್ಲಿ, ಅವಳಿಗೆ ಹೊಳೆಯದ್ದು ನನಗೆ ಹೊಳೆದಿತ್ತು. "ಓದಿದ ತಲೆ ನೋಡೇ!" ಎಂದು ಮಗಳಿಗೆ ಹೇಳಿದಳು. ಆಗಲೇ ಲಾಟೀನು ಹಿಡಿದು, ಅಳೆದು, ಗಂಟು ಹಾಕಿದಳು. ಅಷ್ಟಕ್ಕೇ ಬಿಡುವವಳಲ್ಲ. ಬಾಯಿಗೆ ಅಡ್ಡಲಾಗಿ ಇಡಲು ಒಂದು ಜಾಲಿ ಕಟ್ಟಿಗೆ ಕೆತ್ತಿ, ನಡುವೆ ಕಚ್ಚು ಮಾಡಿದಳು. ಹಗ್ಗ ಆ ಕಚ್ಚಿನಲ್ಲಿ ಜಾರುತ್ತ ಹೋಗಿ, ಗಂಟು ಬಂದಾಗ ತಾನಾಗಿ ಸಿಕ್ಕಿ ನಿಲ್ಲುತ್ತಿತ್ತು. ಆ ಹಗ್ಗಕ್ಕೂ ಕಟ್ಟಿಗೆಗೂ ಅಡುಗೆಮನೆಯ ಬಾಗಿಲ ಹಿಂದೆ ಒಂದು ಗೂಟದ ಜಾಗವಾಯಿತು. ಬಂದವರಿಗೆಲ್ಲ ತೋರಿಸುತ್ತಿದ್ದಳು.

ಗಂಟು ಹಾಕಿದ ಮೇಲೆ ಅದೇ ದಿನ ಮನೆಗೂ ಮಾರಾಟಕ್ಕೂ ಎಂದು ಅರ್ಧದಷ್ಟು ಜೋಳ ಹೊರಗೆ ತೆಗೆದೆವು. ಹಗೇವು ಮುಚ್ಚಿದೆವು. ಗಂಟು ಇದ್ದಲ್ಲೇ ಇತ್ತು. ಜೋಳ ಒಂದು ಆಳಿನಷ್ಟು ಕೆಳಗೆ ಇಳಿದಿತ್ತು. ಇಷ್ಟು ಸಣ್ಣ ಲೆಕ್ಕ...

ಮುಂದಿನ ಬೇಸಿಗೆಗೆ ಮಗಳಿಗೆ ಗಂಡು ಗೊತ್ತಾಯಿತು. ನ್ಯಾಮತಿ ಕಡೆ, ಗೋವಿನಕೋವಿಯವರು. ಒಪ್ಪಿಗೆ ಶಾಸ್ತ್ರಕ್ಕೆ ಇಪ್ಪತ್ತು ಜನ ಬರುತ್ತಾರೆಂದು ಹೇಳಿಕಳಿಸಿದ್ದರು. ರೊಟ್ಟಿಗೆ ಜೋಳ ಸಾಲದೆಂದು ದೊಡ್ಡವ್ವ ಹಗೇವು ತೆಗೆದಳು. ಅದಕ್ಕೆ ಹಿಂದಿನ ವಾರ ಹೊತ್ತಲ್ಲದ ಹೊತ್ತಿನಲ್ಲಿ ಎರಡು ದಿನ ಜೋರು ಮಳೆಯಾಗಿತ್ತು. ಚಪ್ಪಡಿ ಸರಿಸಿದಾಗ ಹುಳಿ ವಾಸನೆ ಬಂತು. "ಒಂದು ಕಡೆ ನೆಂದೈತೆ ಕಾಣ್ತದೆ" ಎಂದಳು. ಪದ್ಧತಿಯಂತೆ ಒಂದು ದಿನ ಬಾಯಿ ತೆರೆದೇ ಬಿಟ್ಟೆವು.

ಮರುದಿನ ಭಾನುವಾರ. ಬಿಸಿಲೇರಿ ಹನ್ನೊಂದು ಗಂಟೆ ಆಗಿರಬಹುದು. ದೊಡ್ಡವ್ವ ಕಟ್ಟಿಗೆಯನ್ನು ಅಡ್ಡ ಇಟ್ಟು ಲಾಟೀನು ಇಳಿಬಿಟ್ಟಳು. ಗಂಟು ಕಚ್ಚಿಗೆ ಸಿಕ್ಕಿ ನಿಂತಿತು. ನಾವು ಮೂವರೂ ಬಗ್ಗಿ ನೋಡಿದೆವು. ಮೇಲೆ ಕಣ್ಣು ಕುಕ್ಕುವ ಬಿಸಿಲು, ಕೆಳಗೆ ಕತ್ತಲು, ಕತ್ತಲಿನಲ್ಲಿ ಅಲುಗಾಡದೆ ಉರಿಯುವ ಒಂದು ಹಳದಿ ಚುಕ್ಕೆ. ಅದರ ಕೆಳಗೆ ಎಷ್ಟು ಆಳವಿದೆ ಎಂದು ಕಾಣುತ್ತಿರಲಿಲ್ಲ.

"ಹೆಂಗೈತೆ ಟೀಚರಮ್ಮ?" ಎಂದಳು ದೊಡ್ಡವ್ವ. ಆ ಹೊತ್ತಿಗೆ ಹಗೇವಿನ ವಿಷಯದಲ್ಲೂ ನನ್ನನ್ನು ಕೇಳುವುದು ಅವಳಿಗೆ ರೂಢಿಯಾಗಿತ್ತು.

"ಚೆನ್ನಾಗಿ ಉರೀತಿದೆ. ಇಳೀಬಹುದು" ಎಂದೆ ನಾನು.

ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಪ್ರತಿಸಲವೂ ಇಳಿಯುತ್ತಿದ್ದವಳು ಮಗಳೇ. ಸಣ್ಣ ಮೈ, ಮಂಗನ ಹಾಗೆ ಸಲೀಸು. ನಡುವಿಗೆ ಹಗ್ಗ ಕಟ್ಟಿಕೊಳ್ಳುವ ಅಭ್ಯಾಸ ಇರಲಿಲ್ಲ. ಗೋಡೆಯಲ್ಲಿ ಕಾಲಿಡಲು ಗುಳಿಗಳಿದ್ದವು. ಸೆರಗು ಸಿಕ್ಕಿಸಿಕೊಂಡು ಇಳಿಯುತ್ತ ಅವಳು ಲಾಟೀನಿನ ಪಕ್ಕ ಬಂದಾಗ ಮುಖ ಮೇಲೆತ್ತಿ ನಕ್ಕಳು. "ಗೋವಿನಕೋವಿಯೋರಿಗೆ ಹೇಳು ಯವ್ವಾ, ಸೊಸೆ ಪಾತಾಳದಾಗೆ ಅದಾಳೆ ಅಂತ."

"ಬಾಯಿ ಮುಚ್ಚಿಕೊಂಡು ಇಳಿಯೇ" ಎಂದಳು ತಾಯಿ.

ಕೆಳಗೆ ಧಪ್ಪೆಂದು ಜೋಳದ ಮೇಲೆ ನೆಗೆದ ಸದ್ದು. "ಪುಟ್ಟಿ ಬಿಡವ್ವಾ" ಎಂಬ ಒಂದು ಕೂಗು. ದೊಡ್ಡವ್ವ ಬೇರೆ ಹಗ್ಗದಲ್ಲಿ ಬಿದಿರಿನ ಪುಟ್ಟಿ ಇಳಿಸಿದಳು. ತುಂಬಿದ ಮೇಲೆ ಹಗ್ಗ ಜಗ್ಗಬೇಕು. ಜಗ್ಗಲಿಲ್ಲ. ನಾವು ಕಾದೆವು. ಬೇವಿನ ಮರದಲ್ಲಿ ಒಂದು ಹಕ್ಕಿ ಕೂಗುತ್ತಲೇ ಇತ್ತು.

"ಏನೇ, ಅಲ್ಲೇ ಮಲಗಿದ್ಯೇನೇ? ಗಂಡನ ಮನೇಲೂ ಹಿಂಗೇ ಮಲಗ್ತೀಯೇನು?"

ಉತ್ತರವಿಲ್ಲ. ಲಾಟೀನು ಮಾತ್ರ ತನ್ನ ಗಂಟಿನಲ್ಲಿ ತೂಗುತ್ತ ನೆಟ್ಟಗೆ ಉರಿಯುತ್ತಿತ್ತು. ನನಗೆ ಇವತ್ತಿಗೂ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಆ ದೀಪವೇ. ಆರಿದ ದೀಪವಲ್ಲ, ಉರಿಯುತ್ತಿದ್ದ ದೀಪ.

ದೊಡ್ಡವ್ವ ಕಟ್ಟಿಗೆಯನ್ನು ಕಿತ್ತೆಸೆದಳು. ಲಾಟೀನು ಗಂಟು ದಾಟಿ ಕೆಳಗಿಳಿಯಿತು. ಒಂದು ಮೊಳ, ಎರಡು ಮೊಳ... ಯಾರೋ ಬೆರಳಿನಲ್ಲಿ ಹಿಚುಕಿದ ಹಾಗೆ ಆರಿತು.

ಅವಳಿಗೆ ಆ ಕ್ಷಣದಲ್ಲೇ ಎಲ್ಲ ತಿಳಿಯಿತು. ನನಗೂ ತಿಳಿಯಿತು. ಅವಳು ಎರಡೂ ಕಾಲು ಬಾಯಿಯೊಳಕ್ಕೆ ಇಳಿಬಿಟ್ಟಳು. ನಾನು ಹಿಂದಿನಿಂದ ಅವಳ ನಡು ಹಿಡಿದೆ.

"ಬಿಡ್ರೀ! ನನ್ನ ಕೂಸು ಐತೆ ಅಲ್ಲಿ, ಬಿಡ್ರೀ!"

"ನೀವೂ ಹೋಗ್ತೀರಿ ದೊಡ್ಡವ್ವ, ಇಳೀಬೇಡಿ... ಯಾರಾದ್ರೂ ಬನ್ರೀ! ಬನ್ರೋ!"

ನಾನು ಹಿಮ್ಮಡಿಯನ್ನು ಚಪ್ಪಡಿಗೆ ಒತ್ತಿಕೊಂಡು ಎಳೆದೆ. ಅವಳು ಮೊಣಕೈಯಿಂದ ನನ್ನ ಪಕ್ಕೆಗೆ ಹೊಡೆದಳು. ಮುಂಗೈ ಕಚ್ಚಿದಳು. ನಾನು ಬಿಡಲಿಲ್ಲ. ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ನೆಂದ ಜೋಳದ ಕೆಟ್ಟ ಗಾಳಿ ತಳದಲ್ಲಿ ನಿಂತಿದೆ, ಕೆಳಗಿರುವವಳಿಗೆ ಉಸಿರಿಲ್ಲ, ಇಳಿದವರಿಗೂ ಇರುವುದಿಲ್ಲ. ಪುಸ್ತಕ ಓದಿ ಕಲಿತದ್ದು ಅಷ್ಟು ಹೊತ್ತಿಗೆ ನೆನಪಾಯಿತು. ಹತ್ತು ನಿಮಿಷ ಮೊದಲು ನೆನಪಾಗಲಿಲ್ಲ.

ಕೂಗು ಕೇಳಿ ಎದುರುಮನೆಯ ಕಂಬಳಿ ನೇಯುವವನು ಓಡಿ ಬಂದ. ಹಿಂದೆಯೇ ಇನ್ನೂ ಐದಾರು ಜನ. ಅವನು ತೆರೆದ ಹಗೇವನ್ನು ನೋಡುತ್ತಲೇ ಮನೆಗೆ ತಿರುಗಿ ಓಡಿದ. ಮಗ್ಗದ ಮೇಲಿಂದ ಎಳೆದು ತಂದ ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಹಗೇವಿಗೆ ಇಳಿಬಿಟ್ಟು, ಸರಕ್ಕನೆ ಮೇಲೆಳೆದು, ಆಚೆ ಒದರಿದ. ಮತ್ತೆ ಇಳಿಬಿಟ್ಟ. ಮತ್ತೊಬ್ಬ ಬೇವಿನ ಕೊಂಬೆ ಮುರಿದು ತಂದು ಒಳಗೆ ಕಡೆಗೋಲಿನ ಹಾಗೆ ಆಡಿಸಿದ. ಕೆಟ್ಟ ಗಾಳಿಯನ್ನು ಮೊಗೆದು ಚೆಲ್ಲುವುದು ಎಂದರೆ ಇದೇ. ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ.

ನಂತರ ಅವನು ತನ್ನ ನಡುವಿಗೆ ಹಗ್ಗ ಬಿಗಿದುಕೊಂಡ. ಸಣಕಲು ಮನುಷ್ಯ, ಬಾಯಿಯಲ್ಲಿ ತೂರಬಲ್ಲವನು.

"ನಾನು ಉಸಿರು ಕಟ್ಟಿ ಇಳೀತೀನಿ. ಯಾರಾರ ಒಬ್ರು ಎಣಿಸ್ರಿ. ಇಪ್ಪತ್ತು ಅನ್ನುತ್ಲೂ ಎಳೀರಿ. ನಾನು ಬ್ಯಾಡ ಅಂತ ಕೈ ಮಾಡಿದ್ರೂ ಎಳೀರಿ."

ಎಣಿಸಿದವಳು ನಾನು. ದೊಡ್ಡವ್ವನ ನಡು ಹಿಡಿದುಕೊಂಡೇ, ಅವಳ ಬೆನ್ನಿಗೆ ಮುಖ ಒತ್ತಿಕೊಂಡೇ ಎಣಿಸಿದೆ. ಇಪ್ಪತ್ತಕ್ಕೆ ಎಳೆದರು. ಬರಿಗೈಯಲ್ಲಿ ಬಂದ. ಮುಖ ಕಪ್ಪಿಟ್ಟಿತ್ತು. "ಸಿಕ್ಲು. ಹಗ್ಗ ಸುತ್ತಾಕೆ ಆಗ್ಲಿಲ್ಲ" ಎಂದ. ಕುಳಿತು ಏದುಸಿರು ಬಿಟ್ಟ. ಕಂಬಳಿ ಮತ್ತೆ ಇಳಿದು ಏರಿತು. ಅವನು ಎರಡನೆಯ ಸಲ ಇಳಿದ. ಒಂದು, ಎರಡು... ದೊಡ್ಡವ್ವ ಒದ್ದಾಡುವುದನ್ನು ನಿಲ್ಲಿಸಿದ್ದಳು. ಅವಳ ಮೈ ಕಲ್ಲಾಗಿತ್ತು. ನಾನು ಎಣಿಸುವಾಗ ಅವಳ ತುಟಿಯೂ ಅಲುಗುತ್ತಿತ್ತು. ಹದಿನೆಂಟು, ಹತ್ತೊಂಬತ್ತು...

ಮೊದಲು ಅವನು ಬಂದ. ಆಮೇಲೆ ಇನ್ನೊಂದು ಹಗ್ಗದಲ್ಲಿ ಹುಡುಗಿ ಬಂದಳು, ಕತ್ತು ಒಂದು ಕಡೆಗೆ ವಾಲಿಕೊಂಡು, ಕೂದಲಿನಿಂದ ಜೋಳದ ಕಾಳು ಉದುರಿಸುತ್ತ. ಬೋರಲು ಮಲಗಿಸಿ ಬೆನ್ನು ತಟ್ಟಿದರು, ನೀರೆರಚಿದರು, ಮೊರದಿಂದ ಗಾಳಿ ಬೀಸಿದರು. ಎಷ್ಟು ಹೊತ್ತಾಯಿತೋ ತಿಳಿಯದು. ಒಂದು ಬಿಕ್ಕಳಿಕೆಯಂಥ ಸದ್ದು ಬಂತು. ಅಷ್ಟೇ ಸಾಕಾಯಿತು. ಗಾಡಿ ಕಟ್ಟಿ ಜಗಳೂರಿನ ಆಸ್ಪತ್ರೆಗೆ ಒಯ್ದರು.

ಆಗ ನಾನು ದೊಡ್ಡವ್ವನನ್ನು ಬಿಟ್ಟೆ. ಅವಳ ನಡುವಿನ ಎರಡೂ ಕಡೆ ನನ್ನ ಬೆರಳು ಮೂಡಿದ್ದವು. ನನ್ನ ಮುಂಗೈಯಲ್ಲಿ ಅವಳ ಹಲ್ಲು ಮೂಡಿತ್ತು. ಅದು ತಿಂಗಳೊಳಗೆ ಮಾಯವಾಯಿತು.

ಹುಡುಗಿ ಬದುಕಿದಳು. ಹತ್ತು ದಿನಕ್ಕೆ ಮನೆಗೆ ಬಂದಳು. ಮಾತು ಮೊದಲಿಗಿಂತ ನಿಧಾನವಾಗಿತ್ತು, ಬಲಗೈ ಸ್ವಲ್ಪ ನಡುಗುತ್ತಿತ್ತು. ಗೋವಿನಕೋವಿಯವರು ಒಳ್ಳೆಯವರು, ಮದುವೆ ಮುಂದೆ ಹಾಕಿದರೇ ಹೊರತು ಬೇಡವೆನ್ನಲಿಲ್ಲ.

ಅವಳು ಆಸ್ಪತ್ರೆಯಲ್ಲಿದ್ದಾಗಲೇ ಒಂದು ದಿನ ಊರಿನ ಹಿರಿಯರು ನಾಲ್ಕು ಜನ ಹಿತ್ತಲಿಗೆ ಬಂದರು. ಬಿದ್ದಿದ್ದ ಹಗ್ಗವನ್ನು ಎತ್ತಿ ನೋಡಿದ ಒಬ್ಬ ಮುದುಕ ಗಂಟಿನ ಮೇಲೆ ಬೆರಳಿಟ್ಟು ಕೇಳಿದ: "ಇದ್ಯಾರು ಹಾಕಿದ್ದು?"

ನಾನು ಬಾಗಿಲಲ್ಲೇ ನಿಂತಿದ್ದೆ. ದೊಡ್ಡವ್ವ ಯಾರ ಮುಖವನ್ನೂ ನೋಡದೆ ಹೇಳಿದಳು: "ನಾನೇ ಹಾಕಿದ್ದು."

"ನಿನ್ನ ಜಾಣತನ ನಿನ್ನ ಮಗಳನ್ನೇ ನುಂಗ್ತಿತ್ತಲ್ಲ. ದೀಪ ಜೋಳ ಮುಟ್ಟಬೇಕು ಅಂತ ನಿನ್ನ ಮಾವ ಹೇಳಿರಲಿಲ್ಲೇನು?"

"ಹೇಳಿದ್ರು. ಮರೆತೆ."

ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಆ ನಾಲ್ಕು ಜನ ಹೋದ ಮೇಲೆ ತೆರೆಯಬಹುದಿತ್ತು, ಮರುದಿನ ಹೇಳಬಹುದಿತ್ತು. ದಿನ ಕಳೆದಂತೆ ಆ ಮಾತಿನ ಬಾಯಿ ಕಿರಿದಾಗುತ್ತ ಬಂದು, ಕೊನೆಗೆ ನಾನೇ ಅದರೊಳಗೆ ಉಳಿದೆ.

ಮತ್ತೆ ಆರು ತಿಂಗಳು ಆ ಮನೆಯಲ್ಲಿದ್ದೆ. ನಮ್ಮಿಬ್ಬರ ನಡುವೆ ಮಾತು ನಿಲ್ಲಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ನೀರು ಕಾಯಿಸಿ ಇಡುತ್ತಿದ್ದಳು. ಆದರೆ ಮನೆ ಬೇರೆಯೇ ಆಯಿತು. ಮಗಳು ಆಸ್ಪತ್ರೆಯಿಂದ ಬಂದ ದಿನ ದೊಡ್ಡವ್ವ ಮನೆಯ ಮುಚ್ಚಳಗಳನ್ನೆಲ್ಲ ತೆಗೆದು ಹಿತ್ತಲಲ್ಲಿ ರಾಶಿ ಹಾಕಿದಳು. ವಾಡೆಯ ಮುಚ್ಚಳ, ಗಡಿಗೆಯ ಮುಚ್ಚಳ, ಸೋರೆ ಬುರುಡೆಗಳ ಬಣ್ಣದ ಬಟ್ಟೆ ಎಲ್ಲ. ಕಿಂಡಿಯ ಮುಂದಿನ ಗಿಂಡಿ ಹೋಯಿತು. ಆಳುಗಳನ್ನು ಕರೆಸಿ ಹಗೇವು ಖಾಲಿ ಮಾಡಿಸಿ ಮಣ್ಣು ತುಂಬಿಸಿದಳು. ಆ ಜೋಳ ಜಗಲಿಯ ಮೇಲೆ ಬಾಯಿ ತೆರೆದ ಚೀಲಗಳಲ್ಲಿ ಬಿದ್ದಿತ್ತು. ಇಲಿ ತಿಂದವು, ಗುಬ್ಬಿ ತಿಂದವು, ಹುಳು ಹಿಡಿಯಿತು. ನೋಡಿಕೊಂಡು ಸುಮ್ಮನಿದ್ದಳು. ನನ್ನ ಚಪ್ಪಲಿ ನಾನು ಬಿಟ್ಟಲ್ಲೇ ಇರುತ್ತಿತ್ತು. ಅದು ಹಾಗೆ ಅಲ್ಲೇ ಬಿದ್ದಿರುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ವರ್ಗಾವಣೆಯ ಆದೇಶ ಬಂದ ದಿನ ನಾನು ಶಾಲೆಯಲ್ಲಿ ಚಾರ್ಜು ಒಪ್ಪಿಸಿ ಬರುವಷ್ಟರಲ್ಲಿ ದೊಡ್ಡವ್ವ ನನ್ನ ಸಾಮಾನು ಕಟ್ಟಿಟ್ಟಿದ್ದಳು. ಆರು ತಿಂಗಳ ನಂತರ ಮೊದಲ ಸಲ ಅವಳ ಹಳೆಯ ಕೈ ಕಂಡಿತು. ಟ್ರಂಕಿನಲ್ಲಿ ಒಂದು ಬೆರಳು ಜಾಗ ಖಾಲಿ ಇಲ್ಲ, ಒಂದು ಸೀರೆಯೂ ಸುಕ್ಕಾಗಿಲ್ಲ. ಪುಸ್ತಕಗಳನ್ನು ಹಾಸಿಗೆಯ ನಡುವೆ ಇಟ್ಟು ಸುರುಳಿ ಸುತ್ತಿ ಹಗ್ಗ ಬಿಗಿದಿದ್ದಳು. ಖಾಲಿ ತೊಟ್ಟಿಲು ತೊಲೆಯಲ್ಲಿ ಅಲುಗುತ್ತಿತ್ತು.

"ಹೋಗಿಬರ್ರಿ ಟೀಚರಮ್ಮ" ಎಂದಳು. "ಅಲ್ಲಿ ಮನೆ ಸಣ್ಣದಿದ್ರೆ ಹೆದರಬ್ಯಾಡ್ರಿ. ಜಾಗ ಇರ್ತೈತೆ."

ಚನ್ನಗಿರಿಗೆ ಬಂದು ಹಾಸಿಗೆ ಬಿಚ್ಚುವಾಗ ಹಗ್ಗದ ಮೇಲೆ ನನ್ನ ಕೈ ನಿಂತಿತು. ಅದೇ ಹಗ್ಗ. ಗಂಟು ಬಿಚ್ಚಿದ್ದಳು. ಅಷ್ಟು ದಿನ ಬಿಗಿದುಕೊಂಡಿದ್ದ ಜಾಗದಲ್ಲಿ ನಾರು ಚಪ್ಪಟೆಯಾಗಿ, ಸೊಟ್ಟಗೆ ಬಾಗಿ ಉಳಿದಿತ್ತು. ಕ್ಷಮಿಸಿ ಬಿಚ್ಚಿದಳೋ, ನಿನ್ನದು ನಿನಗೆ ಎಂದು ಹಿಂದಿರುಗಿಸಿದಳೋ, ಅಥವಾ ಕೈಗೆ ಸಿಕ್ಕಿದ ಹಗ್ಗದಲ್ಲಿ ಸುಮ್ಮನೆ ಕಟ್ಟಿದಳೋ...

ಎಂಬತ್ತರ ದಶಕದ ನಡುವೆ ನಾನು ಸಂತೇಬೆನ್ನೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ಒಂದು ಸಂತೆಯ ದಿನ ಈರುಳ್ಳಿ ಆರಿಸುತ್ತಿದ್ದ ಹೆಂಗಸೊಬ್ಬಳು ಎದ್ದು ನಿಂತು, "ಟೀಚರಮ್ಮ ಅಲ್ವೇನ್ರಿ?" ಎಂದಳು. ಮಾತು ನಿಧಾನ. ಬಲಗೈಯನ್ನು ಎಡಗೈ ಹಿಡಿದುಕೊಂಡಿತ್ತು. ನಾದಿನಿಯ ಮನೆಗೆ ಬಂದಿದ್ದಳು. ಎರಡು ಮಕ್ಕಳಾಗಿದ್ದವು. ರಾತ್ರಿ ಬಾಗಿಲು ಹಾಕಿದರೆ ತನಗೆ ನಿದ್ದೆ ಬರುವುದಿಲ್ಲವೆಂದು ಅತ್ತೆ ಪಡಸಾಲೆಯಲ್ಲೇ ಹಾಸಿಗೆ ಹಾಸುತ್ತಾರೆ ಎಂದು ನಗುತ್ತ ಹೇಳಿದಳು.

"ದೊಡ್ಡವ್ವ ಹೇಗಿದ್ದಾರೆ?"

"ಹೋದ್ಲು. ಎರಡು ವರ್ಷ ಆತು."

ಸಂತೆಯ ಗದ್ದಲ ದೂರವಾಯಿತು. ಈಗಲಾದರೂ ಹೇಳಬೇಕು ಎಂದುಕೊಂಡೆ. "ನೋಡು... ಆ ಹಗ್ಗದ ಗಂಟು..." ಎಂದು ಶುರು ಮಾಡಿದೆ. 

ಅವಳು ನನ್ನನ್ನೇ ನೋಡಿದಳು. "ನೀವು ಹೇಳಿದ್ದು ಅಂತ ನಂಗೆ ಗೊತ್ತಿಲ್ವೇನ್ರಿ? ಅವತ್ತು ನಾನೂ ಅಲ್ಲೇ ಇದ್ನಲ್ಲ."

ಹೌದು, ಇದ್ದಳು. ಹಗೇವಿನ ಬಾಯಿಯ ಬಳಿ ನಾವು ಮೂವರಿದ್ದೆವು. ಅಷ್ಟು ವರ್ಷ ನಾನು ಅವಳೊಬ್ಬಳನ್ನು ಮಾತ್ರ ಆ ಜಾಗದಿಂದ ಅಳಿಸಿಬಿಟ್ಟಿದ್ದೆ.

"ಆಸ್ಪತ್ರೆಯಾಗೆ ನಂಗೆ ಎಚ್ಚರ ಆದ ದಿನಾನೇ ಅವ್ವ ಕಿವಿಯಾಗೆ ಹೇಳಿದ್ಲು, ಯಾರ ಮುಂದೂ ಅನ್ನಬ್ಯಾಡ ಅಂತ. ಊರೋರು ನಿಮ್ಮನ್ನ ಓಡಿಸ್ತಾರೆ, ಆಮ್ಯಾಲೆ ನಮ್ಮೂರಿಗೆ ಯಾವ ಟೀಚರಮ್ಮನೂ ಬರಾಕಿಲ್ಲ ಅಂದ್ಲು. ನೀವು ಅವಳನ್ನ ಹಿಡಕಂಡಿದ್ದನ್ನೂ ಹೇಳಿದ್ಲು." ಒಂದು ಈರುಳ್ಳಿ ಎತ್ತಿ ಚೀಲಕ್ಕೆ ಹಾಕಿದಳು. "ಬಿಟ್ಟಿದ್ರೆ ಚೆನ್ನಾಗಿತ್ತು ಅಂತ ಒಂದೊಂದು ಸಲ ಅಂತಿದ್ಲು. ಹಿಡಕಂಡಿದ್ದೇ ಚೆನ್ನಾಗಾತು ಅಂತಾನೂ ಅಂತಿದ್ಲು. ಕೊನೀಗೆ ಯಾವುದು ಅಂದ್ಲೋ, ನಂಗೆ ಗೊತ್ತಿಲ್ರಿ."

ಅವಳು ಈರುಳ್ಳಿಯ ಚೀಲ ಹೆಗಲಿಗೇರಿಸಿದಳು. ಅದರ ಬಾಯಿ ಕಟ್ಟಿರಲಿಲ್ಲ. ನಾಲ್ಕು ಹೆಜ್ಜೆಗೆ ಒಂದರಂತೆ ಈರುಳ್ಳಿ ಕೆಳಗುದುರುತ್ತಿತ್ತು. ಕೂಗಿ ಹೇಳಲು ನನಗೆ ಮನಸ್ಸಾಗಲಿಲ್ಲ.

ಆ ಹಗ್ಗ ಈಗಲೂ ನಮ್ಮ ಅಟ್ಟದ ಮೇಲಿದೆ. ಸೊಸೆ ಎರಡು ಸಲ ಎಸೆಯಲು ಹೋಗಿದ್ದಳು. ಹೊಸ ಮಂಚದ ಪೆಟ್ಟಿಗೆಗೆ ಬಡಗಿಯನ್ನು ಕರೆಸಿ ಎರಡೂ ಕಡೆ ತೂತು ಕೊರೆಸಿದ್ದೇನೆ. ಬಡಗಿ, "ಇಲಿ ಹೋಗ್ತಾವೆ ಅಮ್ಮಾ" ಎಂದ. ಹೋಗಲಿ ಎಂದೆ.

ಮೊನ್ನೆ ಚಳಿ ಶುರುವಾಯಿತೆಂದು ಸೊಸೆ ರಗ್ಗು ತೆಗೆಯಲು ಮತ್ತೆ ಹಲಗೆ ಎತ್ತಿ ಒಳಗೆ ಬಗ್ಗಿದಳು. ನಾನು ಈ ಸಲ ನಡು ಹಿಡಿಯಲಿಲ್ಲ. ಹಲಗೆಯನ್ನು ಹಿಡಿದುಕೊಂಡು ನಿಂತೆ. ಅವಳು ತಳದಲ್ಲಿ ಏನೋ ಹುಡುಕುತ್ತಿದ್ದಳು. ಒಳಗಿನಿಂದ ಸದ್ದಿಲ್ಲ. ನನ್ನ ತುಟಿ ತಾನಾಗಿ ಅಲುಗತೊಡಗಿತು. ಹದಿನಾರು, ಹದಿನೇಳು...

"ಏನತ್ತೆ, ಏನೋ ಎಣಿಸ್ತಿದ್ದೀರಲ್ಲ?" ಎಂದು ಅವಳು ರಗ್ಗು ಎದೆಗವಚಿಕೊಂಡು ಎದ್ದಳು.

ಏನಿಲ್ಲ ಎಂದೆ. ಯಾರಿಗೆ ಹೇಳಬೇಕಿತ್ತೋ ಅವಳು ಇಲ್ಲ. ಹಲಗೆಯನ್ನು ನಿಧಾನವಾಗಿ ಇಳಿಸಿದೆ. ಪೂರ್ತಿ ಮುಚ್ಚಲು ಕೈ ಬರಲಿಲ್ಲ. ಅಂಚಿಗೆ ಒಂದು ಮಡಿಸಿದ ಬಟ್ಟೆ ಇಟ್ಟು, ಬೆರಳು ತೂರುವಷ್ಟು ಸಂದಿ ಬಿಟ್ಟೆ.